ಬ್ಯಾರೆಲ್‌ಗೆ ಕಟ್ಟುವ ಕ್ರೋನೋಗ್ರಾಫ್: ವೇಗ ನಂಬಿ, ಗ್ರೂಪ್ ನಂಬಬೇಡಿ

ಬ್ಯಾರೆಲ್‌ನ ತುದಿಗೇ ಪಟ್ಟಿ ಬಿಗಿದು ಕಟ್ಟುವ ಮ್ಯಾಗ್ನೆಟೋಸ್ಪೀಡ್ ಬಗೆಯ ಕ್ರೋನೋಗ್ರಾಫ್ ಗುಂಡಿನ ವೇಗವನ್ನು ಚೆನ್ನಾಗಿಯೇ ಅಳೆಯುತ್ತದೆ. ಬಿಸಿಲು, ಮೋಡ, ನೆರಳು ಯಾವುದರ ಹಂಗೂ ಅದಕ್ಕಿಲ್ಲ. ಟ್ರೈಪಾಡ್ ನಿಲ್ಲಿಸಲು ಫೈರಿಂಗ್ ಲೈನ್ ದಾಟಿ ಹೋಗುವ ಕೆಲಸವೂ ಇಲ್ಲ. ತೊಂದರೆ ಇರುವುದು ಟಾರ್ಗೆಟ್‌ನಲ್ಲಿ. ಉಪಕರಣ ಕಟ್ಟಿಕೊಂಡಿರುವಷ್ಟು ಹೊತ್ತು ಕಾಗದದ ಮೇಲೆ ಬೀಳುವ ತೂತುಗಳನ್ನು ನಿಮ್ಮ ರೈಫಲ್‌ನ ಲೆಕ್ಕಕ್ಕೆ ಹಾಕುವಂತಿಲ್ಲ. ಗುಂಡು ಬೀಳುವ ಜಾಗ ಸರಿಯುತ್ತದೆ, ಗ್ರೂಪ್ (ಒಂದೇ ಗುರಿಗೆ ಹೊಡೆದ ತೂತುಗಳ ಗುಂಪು) ಕೆಲವೊಮ್ಮೆ ಹರಡುತ್ತದೆ, ಅಪರೂಪಕ್ಕೆ ಬಿಗಿಯಾಗಿಯೂ ಬಿಡುತ್ತದೆ. ಹಾಗೆ ಬಿಗಿಯಾದದ್ದನ್ನು ಕಂಡು ಹಿಗ್ಗುವವರೇ ಹೆಚ್ಚು ಮೋಸಹೋಗುವುದು.

ಎಷ್ಟು ಸರಿಯುತ್ತದೆ, ಏಕೆ ಸರಿಯುತ್ತದೆ, ನಿಮ್ಮ ರೈಫಲ್‌ನಲ್ಲಿ ಅದನ್ನು ಅಳೆಯುವುದು ಹೇಗೆ ಎಂಬುದನ್ನು ಕೆಳಗೆ ಬಿಡಿಸಿಟ್ಟಿದ್ದೇವೆ.

ತುದಿಯ ಭಾರ ಮಾಡುವ ಕೆಲಸ

ಬ್ಯಾರೆಲ್ ಎಂದರೆ ಒಂದು ತುದಿಯಲ್ಲಿ ಮಾತ್ರ ಹಿಡಿತವಿರುವ ಉಕ್ಕಿನ ಕೊಳವೆ. ಬಿದಿರು ಗಳುವಿನ ತುದಿಗೆ ತಂಬಿಗೆ ಕಟ್ಟಿ ಅಡ್ಡಲಾಗಿ ಹಿಡಿದರೆ ಗಳು ಹೇಗೆ ಬಾಗುತ್ತದೋ, ಬ್ಯಾರೆಲ್ ಕೂಡ ಹಾಗೆಯೇ ಬಾಗುತ್ತದೆ, ಕಣ್ಣಿಗೆ ಕಾಣದಷ್ಟು. ಲೆಕ್ಕ ಹಾಕಿ ನೋಡೋಣ. 600 ಮಿ.ಮೀ. ಉದ್ದ, 16.5 ಮಿ.ಮೀ. ಸಮ ದಪ್ಪ, .30 ಕ್ಯಾಲಿಬರ್ (7.62 ಮಿ.ಮೀ.) ರಂಧ್ರದ ತೆಳು ಬ್ಯಾರೆಲ್ ತುದಿಗೆ 200 ಗ್ರಾಂ ತೂಕ ಕಟ್ಟಿದರೆ ತುದಿ ಕೆಳಗಿಳಿಯುವುದು ಬರೀ 0.2 ಮಿ.ಮೀ. ಆದರೆ ಅದರ ಮುಖ ಕೆಳಕ್ಕೆ ತಿರುಗುವ ಕೋನ ಸುಮಾರು 0.5 ಮಿಲ್ (ಮಿಲ್ ಎಂದರೆ ರೇಡಿಯನ್‌ನ ಸಾವಿರದಲ್ಲೊಂದು ಪಾಲು). 100 ಮೀಟರ್‌ನಲ್ಲಿ ಅದು 5 ಸೆಂ.ಮೀ. ಅದೇ ಉದ್ದದ ಬ್ಯಾರೆಲ್ 25 ಮಿ.ಮೀ. ದಪ್ಪವಿದ್ದರೆ ಅದೇ ತೂಕಕ್ಕೆ ಕೋನ 0.1 ಮಿಲ್‌ಗಿಂತ ಸ್ವಲ್ಪ ಕಡಿಮೆ, ಅಂದರೆ 100 ಮೀಟರ್‌ನಲ್ಲಿ 9 ಮಿ.ಮೀ. ಬಿಗಿತ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುವುದರಿಂದ ಇಷ್ಟು ಅಂತರ. ನಿಜವಾದ ಬ್ಯಾರೆಲ್ ಚೇಂಬರ್ ಕಡೆ ದಪ್ಪ, ತುದಿ ಕಡೆ ಸಣ್ಣ. ಹಾಗಾಗಿ ಅಂಕಿ ಸ್ವಲ್ಪ ಬದಲಾದೀತು, ಆದರೆ ಅನುಪಾತದ ಅಂದಾಜು ಹೀಗೆಯೇ.

ಇಷ್ಟು ಗುಂಡು ಹಾರಿಸುವ ಮೊದಲೇ ಆಗಿರುವ ಬಾಗು. ಸ್ಕೋಪ್ ಕೂತಿರುವುದು ರಿಸೀವರ್ ಮೇಲೆ. ಅದು ಬಾಗಲಿಲ್ಲ, ಬ್ಯಾರೆಲ್ ಬಾಯಿ ಮಾತ್ರ ಕೆಳಗೆ ನೋಡಿತು. ಹೆಚ್ಚಿನ ರೈಫಲ್‌ಗಳಲ್ಲಿ ಗುಂಡು ಕೆಳಗೆ ಬೀಳಲು ಮೊದಲ ಕಾರಣ ಇದೇ.

ಎರಡನೆಯದು ಕಂಪನ. ಫೈರಿಂಗ್ ಪಿನ್ ಬಡಿದ ಕ್ಷಣದಿಂದ ಬ್ಯಾರೆಲ್ ನಡುಗತೊಡಗುತ್ತದೆ. ಸಾಮಾನ್ಯ ಸೆಂಟರ್‌ಫೈರ್ ರೈಫಲ್‌ನಲ್ಲಿ ಗುಂಡು ಬ್ಯಾರೆಲ್ ಒಳಗಿರುವುದು 1ರಿಂದ 1.5 ಮಿಲಿಸೆಕೆಂಡ್. ಅದು ಹೊರಬೀಳುವ ಕ್ಷಣದಲ್ಲಿ ಬ್ಯಾರೆಲ್ ಬಾಯಿ ಎತ್ತ ನೋಡುತ್ತಿದೆ, ಎತ್ತ ಚಲಿಸುತ್ತಿದೆ ಎಂಬುದರ ಮೇಲೆ ಪೆಟ್ಟಿನ ಜಾಗ ನಿಂತಿದೆ. ಮೇಲಿನ ತೆಳು ಬ್ಯಾರೆಲ್ ತಾನಾಗಿ ಸೆಕೆಂಡಿಗೆ ಸುಮಾರು 36 ಸಲ ತೂಗುತ್ತದೆ. ತುದಿಗೆ 200 ಗ್ರಾಂ ಸೇರಿಸಿದರೆ ಅದು 25ಕ್ಕೆ ಇಳಿಯುತ್ತದೆ. ಮೇಲಿನ ಮಟ್ಟದ, ಸೆಕೆಂಡಿಗೆ ಕೆಲವು ನೂರು ಸಲದ ಕಂಪನಗಳ ಆಕಾರವೂ ಬದಲಾಗುತ್ತದೆ. ಹಾಗಾಗಿ ಗುಂಡು ಹೊರಬೀಳುವಾಗ ಬ್ಯಾರೆಲ್ ತನ್ನ ತೂಗಾಟದ ಬೇರೆಯೇ ಘಟ್ಟದಲ್ಲಿರುತ್ತದೆ. ಕೆಲವು ರೈಫಲ್‌ಗಳು ಕ್ರೋನೋಗ್ರಾಫ್ ಕಟ್ಟಿದಾಗ ಮೇಲೆ ಹೊಡೆಯುವುದು, ಕೆಲವು ಪಕ್ಕಕ್ಕೆ ಹೊಡೆಯುವುದು ಇದರಿಂದಲೇ. ರಿಮ್‌ಫೈರ್ ಬೆಂಚ್‌ರೆಸ್ಟ್‌ನವರು (ಸಣ್ಣ .22 ರೈಫಲ್ಲನ್ನು ಮೇಜಿನ ಮೇಲಿಟ್ಟು ಬಿಗಿ ಗ್ರೂಪ್‌ಗಾಗಿ ಸ್ಪರ್ಧಿಸುವವರು) ಬ್ಯಾರೆಲ್ ತುದಿಗೆ ಟ್ಯೂನರ್ ಎಂಬ ತೂಕವನ್ನು ಬೇಕೆಂದೇ ಹಾಕುತ್ತಾರೆ. ಕ್ರೋನೋಗ್ರಾಫ್ ಕೂಡ ಟ್ಯೂನರೇ, ಯಾರೂ ಹೊಂದಿಸದ ಟ್ಯೂನರ್.

ಮೂರನೆಯದು ಅನಿಲ. ಗುಂಡು ಬಾಯಿ ದಾಟಿದ ಕೂಡಲೇ ಹಿಂದಿನಿಂದ ನುಗ್ಗುವ ಅನಿಲ ಅದಕ್ಕಿಂತ ಜೋರಾಗಿ ಹರಿದು ಸ್ವಲ್ಪ ದೂರ ಅದನ್ನು ಸುತ್ತುವರಿಯುತ್ತದೆ. ಸುತ್ತಲೂ ಸಮವಾಗಿದ್ದರೆ ತೊಂದರೆಯಿಲ್ಲ. ಕೆಳಗೆ ಬಯೋನೆಟ್, ಅಂದರೆ ಕ್ರೋನೋಗ್ರಾಫ್‌ನ ಸೆನ್ಸರ್‌ಗಳಿರುವ, ಬ್ಯಾರೆಲ್ ಬಾಯಿಯ ಮುಂದಕ್ಕೆ ಚಾಚಿಕೊಂಡ ಚಪ್ಪಟೆ ಭಾಗ ಇದ್ದರೆ ಅನಿಲ ಅದಕ್ಕೆ ಬಡಿದು ಒಂದೇ ಬದಿಯಿಂದ ಗುಂಡಿನ ತಳವನ್ನು ತಳ್ಳಬಹುದು. ಬಯೋನೆಟ್ ಮೇಲೆ ಬೀಳುವ ಒತ್ತಡವೇ ಬ್ಯಾರೆಲ್ಲನ್ನು ಕೆಳಗೆ ಎಳೆದು ಗುಂಡನ್ನು ಕೆಡಿಸುತ್ತದೆ ಎಂದು ಹಲವರು ಹೇಳುವುದುಂಟು. ಹಾಗಾಗಲು ಸಾಧ್ಯವಿಲ್ಲ, ಅನಿಲ ಬಯೋನೆಟ್‌ಗೆ ಬಡಿಯುವಷ್ಟರಲ್ಲಿ ಗುಂಡು ಬ್ಯಾರೆಲ್ ಬಿಟ್ಟಾಗಿದೆ. ಆ ಬಡಿತ ಮಾಡುವುದು ಇನ್ನೊಂದು ಕೆಲಸ: ಬಯೋನೆಟ್ಟನ್ನು ಕೂದಲೆಳೆಯಷ್ಟು ಜಾರಿಸಿ ಮುಂದಿನ ಗುಂಡಿನ ಜಾಗ ಬದಲಿಸುತ್ತದೆ.

ವೇಗಕ್ಕೆ ಇದಾವುದೂ ತಾಗುವುದಿಲ್ಲ. ತುದಿಗೆ ಕಟ್ಟಿದ ತೂಕ ಚೇಂಬರ್ ಒತ್ತಡವನ್ನು ಮುಟ್ಟುವುದಿಲ್ಲ. ಕ್ರೋನೋಗ್ರಾಫ್‌ನಿಂದ ಗುಂಡು ನಿಧಾನವಾಗಿ ಕೆಳಗೆ ಬಿತ್ತು ಎನ್ನುವವರಿಗೆ ಒಂದು ಲೆಕ್ಕ ಸಾಕು: 800 ಮೀ/ಸೆ. ವೇಗದ ಗುಂಡು 10 ಮೀ/ಸೆ. ಕಳೆದುಕೊಂಡರೂ 100 ಮೀಟರ್‌ನಲ್ಲಿ ಇಳಿಯುವುದು 2 ಮಿ.ಮೀ. ಮಾತ್ರ.

ಕಟ್ಟುವ ಕ್ರಮ

ಮ್ಯಾಗಜೀನ್ ತೆಗೆಯಿರಿ, ಚೇಂಬರ್ ಖಾಲಿಯಿದೆಯೇ ಎಂದು ಕಣ್ಣಿಂದಲೂ ಬೆರಳಿಂದಲೂ ನೋಡಿ, ಬೋಲ್ಟ್ ರೈಫಲ್ ಆದರೆ ಬೋಲ್ಟನ್ನೇ ಹೊರತೆಗೆದು ಮೇಜಿನ ಮೇಲಿಡಿ. ಕೈಗಳು ಬ್ಯಾರೆಲ್ ಬಾಯಿಯ ಮುಂದೆಯೇ ಓಡಾಡುವ ಕೆಲಸ ಇದು, ಸಡಿಲ ಬಿಡುವ ಹಾಗಿಲ್ಲ.

ಮೊದಲು ಅಳತೆ. ಮ್ಯಾಗ್ನೆಟೋಸ್ಪೀಡ್‌ನ ಸ್ಪೋರ್ಟರ್ ಮಾದರಿ ಅರ್ಧ ಇಂಚಿನಿಂದ 1 ಇಂಚು ದಪ್ಪದ ಬ್ಯಾರೆಲ್‌ಗೆ, ವಿ3 ಮಾದರಿ ಅರ್ಧ ಇಂಚಿನಿಂದ 2 ಇಂಚಿನವರೆಗೆ. ಸಪ್ರೆಸರ್ (ಸದ್ದು ತಗ್ಗಿಸುವ ಕೊಳವೆ) ಮೇಲೆ ಕಟ್ಟುವುದಿದ್ದರೆ ಎರಡನೆಯದೇ ಬೇಕಾದೀತು. ಬಯೋನೆಟ್‌ಗೂ ಬ್ಯಾರೆಲ್‌ಗೂ ನಡುವೆ ಇಡುವ ವಿ ಆಕಾರದ ತುಂಡುಗಳನ್ನು ಬದಲಿಸುತ್ತಾ ಎತ್ತರ ಹೊಂದಿಸಿ. ಗುಂಡಿನ ದಾರಿಗೂ ಬಯೋನೆಟ್ ಮೇಲ್ಮೈಗೂ ನಡುವೆ ಸುಮಾರು 6 ಮಿ.ಮೀ. ಇದ್ದರೆ ಸಾಮಾನ್ಯವಾಗಿ ಸರಿ. ನಿಮ್ಮ ಮಾದರಿಯ ಕೈಪಿಡಿ ಬೇರೆ ಹೇಳಿದರೆ ಅದನ್ನೇ ಪಾಲಿಸಿ. ಹತ್ತಿರ ಹೆಚ್ಚಾದರೆ ಗುಂಡು ತಾಗುವ ಅಪಾಯ, ದೂರ ಹೆಚ್ಚಾದರೆ ಸೆನ್ಸರ್‌ಗೆ ಗುಂಡು ಕಾಣದೆ ಓದು ತಪ್ಪುತ್ತದೆ.

ಮಝಲ್ ಬ್ರೇಕ್ (ಅನಿಲವನ್ನು ತೂತುಗಳಿಂದ ಹೊರಬಿಟ್ಟು ಒದೆತ ತಗ್ಗಿಸುವ, ಬ್ಯಾರೆಲ್ ತುದಿಯ ತುಂಡು) ಇದ್ದರೆ ಅದರ ಮುಂದಿನ ಅಂಚು ಮೊದಲ ಸೆನ್ಸರ್‌ಗಿಂತ ಹಿಂದೆಯೇ ಇರಬೇಕು. ಸೆನ್ಸರ್ ಮೇಲೆ ಬ್ರೇಕ್‌ನ ಲೋಹ ಚಾಚಿದರೆ ಓದು ಕೆಡುತ್ತದೆ. ಪಕ್ಕಕ್ಕೆ ಮಾತ್ರ ತೂತಿರುವ ಬ್ರೇಕ್‌ನಲ್ಲಿ ತೊಂದರೆ ಕಡಿಮೆ. ಸುತ್ತಲೂ ತೂತಿರುವ ಬ್ರೇಕ್ ಕೆಳಮುಖವಾಗಿಯೂ ಉಗುಳುತ್ತದೆ. ಅದರಡಿ ಬಯೋನೆಟ್ ಇಟ್ಟರೆ ಪಟ್ಟಿ ಎಷ್ಟು ಬಿಗಿದರೂ ಸಡಿಲವಾಗುತ್ತದೆ. ಅಂಥ ಬ್ರೇಕನ್ನು ಬಿಚ್ಚಿ ವೇಗ ಅಳೆಯುವುದೇ ವಾಸಿ, ವೇಗದಲ್ಲಿ ಗಮನಕ್ಕೆ ಬರುವ ವ್ಯತ್ಯಾಸವೇನೂ ಆಗದು.

ಪಟ್ಟಿಯನ್ನು ಕೈಯಲ್ಲಿ ಆಗುವಷ್ಟು ಬಿಗಿದು, ಸ್ಕ್ರೂ ಇದ್ದರೆ ತಿರುಗಿಸಿ, ಬಯೋನೆಟ್ಟನ್ನು ಎರಡು ಬೆರಳಲ್ಲಿ ಹಿಡಿದು ಮುಂದೆ ಎಳೆದು ನೋಡಿ. ಜಾರಬಾರದು. ಎಣ್ಣೆ ಒರೆಸಿರುವ ಬ್ಯಾರೆಲ್ ಆದರೆ ಪಟ್ಟಿ ಕೂರುವ ಜಾಗವನ್ನು ಒಣಬಟ್ಟೆಯಲ್ಲಿ ಒರೆಸಿ.

ಆಮೇಲೆ ಜೋಡಣೆಯ ಕಡ್ಡಿ. ಬ್ಯಾರೆಲ್ ಬಾಯಿಗೆ ಅದನ್ನು ತೂರಿಸಿ, ಕಡ್ಡಿಗೂ ಬಯೋನೆಟ್‌ಗೂ ನಡುವಿನ ಸಂದು ಹಿಂದೆ ಮುಂದೆ ಒಂದೇ ಇದೆಯೇ ಎಂದು ಪಕ್ಕದಿಂದ ನೋಡಿ. ಎದುರಿನಿಂದ ನೋಡಿ ಬಯೋನೆಟ್ ಸರಿಯಾಗಿ ಕೆಳಗೇ ಇದೆಯೇ, ಗಡಿಯಾರದ 7ರ ಕಡೆಗೋ 5ರ ಕಡೆಗೋ ವಾಲಿದೆಯೇ ಪರೀಕ್ಷಿಸಿ. ವಾಲಿದ್ದರೆ ಭಾರವೂ ಅನಿಲದ ಬಡಿತವೂ ಪಕ್ಕಕ್ಕೆ ಹೋಗಿ ಪೆಟ್ಟು ಅಡ್ಡಡ್ಡ ಸರಿಯುತ್ತದೆ. ಕಡ್ಡಿಯನ್ನು ಹೊರತೆಗೆದು ಬೆಂಚ್ ಮೇಲೆ ಕಣ್ಣಿಗೆ ಕಾಣುವಂತೆ ಇಟ್ಟ ಮೇಲೆಯೇ ಬೋಲ್ಟ್ ಹಾಕಿ. ಬ್ಯಾರೆಲ್ ಒಳಗೆ ಕಡ್ಡಿ ಮರೆತು ಗುಂಡು ಹಾರಿಸಿದರೆ ಬ್ಯಾರೆಲ್ ಸಿಡಿಯಬಹುದು. ಚೇಂಬರ್ ಕಡೆಯಿಂದ ಬೆಳಕು ಕಾಣುತ್ತದೆಯೇ ಎಂದು ಇಣುಕಿ ನೋಡುವುದಕ್ಕೆ ಹಿಡಿಯುವುದು ಎರಡು ಸೆಕೆಂಡ್.

ಕೊನೆಗೆ ಪಟ್ಟಿಯ ಹಿಂಬದಿ ಅಂಚಿಗೆ ತಾಗುವಂತೆ ಬ್ಯಾರೆಲ್ ಮೇಲೆ ಒಂದು ಸುತ್ತು ಮಾಸ್ಕಿಂಗ್ ಟೇಪ್ ಅಂಟಿಸಿ, ಟೇಪ್‌ನಿಂದ ಪಟ್ಟಿಯವರೆಗೆ ಪೆನ್ಸಿಲ್ ಗೆರೆ ಎಳೆಯಿರಿ. ರೈಫಲ್ ಹಿಂದಕ್ಕೆ ಒದೆಯುವಾಗ ಬಯೋನೆಟ್ ಜಡತ್ವದಿಂದ ಮುಂದಕ್ಕೇ ಜಾರುವುದು. ಟೇಪ್‌ಗೂ ಪಟ್ಟಿಗೂ ನಡುವೆ ಸಂದು ಕಂಡರೆ ಜಾರಿದೆ ಎಂದರ್ಥ, ಗೆರೆ ಮುರಿದಿದ್ದರೆ ತಿರುಗಿದೆ ಎಂದರ್ಥ. 5 ಗುಂಡಿಗೊಮ್ಮೆ ನೋಡಿ.

ಸರಿತವನ್ನು ಅಳೆಯುವುದು

ಬೇಕಾದದ್ದು ಒಂದೇ ಲೋಡ್‌ನ (ಗುಂಡು ಮತ್ತು ಮದ್ದಿನ ಒಂದೇ ಜೋಡಣೆಯ), ಒಂದೇ ಲಾಟ್‌ನ 20 ತೋಟಾ, ಅದಕ್ಕೆ ಮೇಲೆ ಬ್ಯಾರೆಲ್ ಮಸಿ ಹಿಡಿಸಲು 3ರಿಂದ 5. ಒಂದೇ ಹಾಳೆಯಲ್ಲಿ ಎರಡು ಗುರಿಬಿಂದು ಇರಲಿ, ಎಡದ್ದು ಕ್ರೋನೋಗ್ರಾಫ್ ಇಲ್ಲದೆ, ಬಲದ್ದು ಕಟ್ಟಿಕೊಂಡು. ಬೈಪಾಡ್ ಅಥವಾ ಮುಂದಿನ ಬ್ಯಾಗ್ ಇರುವ ಜಾಗ ಎರಡಕ್ಕೂ ಒಂದೇ.

ಮಸಿ ಗುಂಡುಗಳನ್ನು ಬೇರೆಡೆ ಹಾರಿಸಿ. ನಂತರ ಇಲ್ಲದೆ 5. ಕಟ್ಟಿ 5. ಬಿಚ್ಚಿ, ಮತ್ತೆ ಮೊದಲಿನಿಂದ ಕಟ್ಟಿ 5. ಬಿಚ್ಚಿ, ಇಲ್ಲದೆ ಕೊನೆಯ 5. ಈ ಕ್ರಮಕ್ಕೆ ಕಾರಣವಿದೆ. ಬ್ಯಾರೆಲ್ ಕಾಯುತ್ತಾ ಹೋದಂತೆ ಪೆಟ್ಟು ನಿಧಾನಕ್ಕೆ ಸರಿಯುವುದುಂಟು. ಇಲ್ಲದ್ದನ್ನು ಎರಡು ತುದಿಗೂ, ಕಟ್ಟಿದ್ದನ್ನು ನಡುವಿಗೂ ಇಟ್ಟರೆ ಆ ಸರಿತ ಎರಡೂ ಕಡೆ ಸಮನಾಗಿ ಹಂಚಿಹೋಗುತ್ತದೆ. ನಡುವೆ ಬಿಚ್ಚಿ ಕಟ್ಟುವುದರಿಂದ ನಿಮ್ಮ ಕಟ್ಟುವಿಕೆ ಎಷ್ಟು ಒಂದೇ ತೆರನಾಗಿದೆ ಎಂಬುದೂ ಗೊತ್ತಾಗುತ್ತದೆ. ಬಲಗಡೆಯ ಎರಡು ಐದುಗಳು ಎರಡು ಬೇರೆ ಗುಂಪಾಗಿ ನಿಂತರೆ ರೈಫಲ್ಲನ್ನು ದೂರಬೇಡಿ, ಬಯೋನೆಟ್ ಎರಡು ಸಲ ಎರಡು ಜಾಗದಲ್ಲಿ ಕೂತಿದೆ.

ಗುಂಡಿನಿಂದ ಗುಂಡಿಗೆ ಒಂದು ನಿಮಿಷ ಬಿಡಿ. ಪ್ರತಿ ಐದರ ನಂತರ ಬ್ಯಾರೆಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ ಇರುವಷ್ಟು ತಣ್ಣಗಾಗಲು ಬಿಡಿ. ಬಿಸಿ ಚೇಂಬರ್‌ನಲ್ಲಿ ತೋಟಾ ಇಟ್ಟು ಕಾಯಬೇಡಿ. ಮದ್ದು ಕಾದರೆ ವೇಗ ಏರುತ್ತದೆ, ನೀವು ಅಳೆಯುತ್ತಿರುವ ಅಂಕಿಯೇ ಕೆಡುತ್ತದೆ.

ಲೆಕ್ಕ ಸುಲಭ. ಪ್ರತಿ ತೂತು ಗುರಿಬಿಂದುವಿನಿಂದ ಬಲಕ್ಕೆ ಎಷ್ಟು, ಮೇಲಕ್ಕೆ ಎಷ್ಟು ಎಂದು ಮಿ.ಮೀ.ನಲ್ಲಿ ಬರೆದುಕೊಳ್ಳಿ, ಎಡ ಮತ್ತು ಕೆಳಗಿನವು ಋಣ. ಹತ್ತರ ಸರಾಸರಿಯೇ ಆ ಗ್ರೂಪ್‌ನ ನಡುವು. ಉದಾಹರಣೆಗೆ, ಇಲ್ಲದೆ ಹೊಡೆದವುಗಳ ನಡುವು ಬಲಕ್ಕೆ 2, ಮೇಲಕ್ಕೆ 4. ಕಟ್ಟಿ ಹೊಡೆದವುಗಳದ್ದು ಬಲಕ್ಕೆ 11, ಕೆಳಕ್ಕೆ 38 ಎಂದುಕೊಳ್ಳಿ. ಸರಿತ ಬಲಕ್ಕೆ 9 ಮಿ.ಮೀ., ಕೆಳಕ್ಕೆ 42 ಮಿ.ಮೀ. 100 ಮೀಟರ್‌ನಲ್ಲಿ 1 ಎಂಒಎ (ಡಿಗ್ರಿಯ ಅರವತ್ತರಲ್ಲೊಂದು ಪಾಲು) ಎಂದರೆ 29.1 ಮಿ.ಮೀ., 0.1 ಮಿಲ್ ಎಂದರೆ 10 ಮಿ.ಮೀ. ಹಾಗಾಗಿ ಕೆಳಕ್ಕೆ 1.4 ಎಂಒಎ ಅಥವಾ 0.4 ಮಿಲ್, ಬಲಕ್ಕೆ 0.3 ಎಂಒಎ.

ಇದರಲ್ಲಿ ಯಾವುದು ನಿಜ, ಯಾವುದು ಗಾಳಿಮಾತು? ತೂತುಗಳು ಒಂದೊಂದು ದಿಕ್ಕಿನಲ್ಲಿ 8 ಮಿ.ಮೀ. ಸ್ಟ್ಯಾಂಡರ್ಡ್ ಡೀವಿಯೇಶನ್‌ನಷ್ಟು (ಸರಾಸರಿಯ ಸುತ್ತ ಹರಡಿರುವುದರ ಅಳತೆ) ಹರಡಿದ್ದರೆ ಹತ್ತು ಗುಂಡಿನ ಸರಾಸರಿಯ ಅನಿಶ್ಚಿತತೆ 2.5 ಮಿ.ಮೀ., ಎರಡು ಸರಾಸರಿಗಳ ವ್ಯತ್ಯಾಸದ್ದು 3.6. ಅದರ ಇಮ್ಮಡಿಗಿಂತ, ಅಂದರೆ 7 ಮಿ.ಮೀ. ಚಿಲ್ಲರೆಗಿಂತ ಹೆಚ್ಚಿದ್ದರೆ ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಮೇಲಿನ 42 ನಿಸ್ಸಂಶಯ, 9 ಅಂಚಿನಲ್ಲಿದೆ. ಮೂರು ಗುಂಡು ಹೊಡೆದು ‘ನನ್ನ ರೈಫಲ್‌ನಲ್ಲಿ ಏನೂ ಸರಿಯುವುದಿಲ್ಲ’ ಎನ್ನುವವರ ಮಾತಿಗೆ ಬೆಲೆ ಎಷ್ಟೆಂದು ಇದರಲ್ಲೇ ಗೊತ್ತಾಗುತ್ತದೆ.

ಗ್ರೂಪ್‌ನ ಅಗಲದ ಬಗ್ಗೆ ಇನ್ನೂ ಬಿಗುವಾಗಿರಬೇಕು. ಹತ್ತಕ್ಕೆ ಹತ್ತು ಹೋಲಿಸುವಾಗ ಒಂದರ ಹರಡು ಇನ್ನೊಂದರ ಒಂದೂವರೆ ಪಟ್ಟಿಗಿಂತ ಹೆಚ್ಚಾಗದ ಹೊರತು ಅದನ್ನು ಕ್ರೋನೋಗ್ರಾಫ್ ಕೆಲಸ ಎನ್ನಲಾಗದು. ಆಕಸ್ಮಿಕವೇ ಅಷ್ಟು ಮಾಡುತ್ತದೆ.

ಸರಿತ ಯಾವುದರಿಂದ ಎಂದು ಬೇರ್ಪಡಿಸಬೇಕೆ?

ಕುತೂಹಲವಿರುವವರಿಗೆ ಎರಡು ಪರೀಕ್ಷೆ. ಬಯೋನೆಟ್‌ನಷ್ಟೇ ತೂಕದ ಸೀಸದ ಹಾಳೆಯನ್ನು ಬ್ಯಾರೆಲ್ ಬಾಯಿಗಿಂತ ಮುಂದೆ ಚಾಚದಂತೆ, ಪಟ್ಟಿ ಕೂರುವ ಜಾಗದಲ್ಲೇ ಸುತ್ತಿ ಟೇಪ್ ಮಾಡಿ 10 ಗುಂಡು ಹೊಡೆಯಿರಿ. ಈಗ ಕಾಣುವುದು ಬರೀ ಭಾರದ ಪಾಲು. (ಬಯೋನೆಟ್‌ನ ಭಾರ ಸ್ವಲ್ಪ ಮುಂದಕ್ಕಿರುವುದರಿಂದ ಅದರ ಬಾಗಿಸುವ ಬಲ ಒಂದಿಷ್ಟು ಹೆಚ್ಚು.) ಇನ್ನೊಂದು, ಬಯೋನೆಟ್ಟನ್ನು ಬ್ಯಾರೆಲ್‌ಗೆ ತಾಗಿಸದೆ ಸ್ಟಾಕ್ ಅಥವಾ ಚಾಸಿಸ್‌ನ ರೇಲ್‌ಗೆ ಹಿಡಿಸುವ ಬ್ರಾಕೆಟ್. ಇದರಲ್ಲಿ ಬ್ಯಾರೆಲ್ ತನ್ನ ಪಾಡಿಗೆ ನಡುಗುತ್ತದೆ. ಹೀಗೆ ಹಿಡಿಸಿಯೂ ಪೆಟ್ಟು ಸರಿದರೆ ಉಳಿದ ಆರೋಪಿ ಅನಿಲ.

ಕೆಲಸ ಹಂಚುವ ಬಗೆ

ಮದ್ದಿನ ಅಳತೆ ಬದಲಿಸುತ್ತಾ ಲೋಡ್ ಹುಡುಕುವವರು ಒಂದೇ ಗುಂಡಿನಲ್ಲಿ ವೇಗವನ್ನೂ ಗ್ರೂಪನ್ನೂ ಪಡೆಯಲು ಹೋಗುತ್ತಾರೆ. ತೋಟಾ ಉಳಿಯುತ್ತದೆ ನಿಜ, ಆದರೆ ತೆಳು ಬ್ಯಾರೆಲ್‌ನಲ್ಲಿ ಆ ಗ್ರೂಪ್‌ಗಳು ಕ್ರೋನೋಗ್ರಾಫ್ ಕಟ್ಟಿದ ಬ್ಯಾರೆಲ್‌ಗೆ ಯಾವ ಲೋಡ್ ಒಗ್ಗುತ್ತದೆ ಎಂದಷ್ಟೇ ಹೇಳುತ್ತವೆ. ಬಿಚ್ಚಿದ ಮೇಲೆ ಒಳ್ಳೆಯ ಲೋಡ್ ಬೇರೆಯೇ ಆಗಿರಬಹುದು. ಎರಡು ಸುತ್ತು ಮಾಡಿ: ಮೊದಲು ಉಪಕರಣವಿಲ್ಲದೆ ಗ್ರೂಪ್, ಕೈ ಕಣ್ಣು ದಣಿಯದಿರುವಾಗ. ಆಮೇಲೆ ಕಟ್ಟಿ ವೇಗ. ಆಗ ಗುಂಡು ಗುರಿಬಿಂದುವಿನಿಂದ ಒಂದು ಇಂಚು ಆಚೆ ಬಿದ್ದರೂ ಚಿಂತೆಯಿಲ್ಲ.

ದಪ್ಪ ಬ್ಯಾರೆಲ್‌ನವರಿಗೆ ಸ್ವಲ್ಪ ಸಡಿಲಿಕೆ ಉಂಟು. ಮೇಲಿನ ಪರೀಕ್ಷೆಯಲ್ಲಿ ಸರಿತ ಸಣ್ಣದಾಗಿ, ಪ್ರತಿ ಸಲ ಒಂದೇ ಆಗಿ, ಹರಡು ಬದಲಾಗದಿದ್ದರೆ ಕಟ್ಟಿಕೊಂಡೇ ಲೋಡ್‌ಗಳನ್ನು ಹೋಲಿಸಬಹುದು. ಸ್ಕೋಪ್ ಝೀರೋ (ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಸ್ಕೋಪ್ ಹೊಂದಿಸುವುದು) ಮಾತ್ರ ಯಾವ ಕಾರಣಕ್ಕೂ ಕಟ್ಟಿಕೊಂಡು ಮಾಡಬೇಡಿ. ಅಳೆದ ಸರಿತವನ್ನು ಲೋಡ್ ಪುಸ್ತಕದಲ್ಲಿ ಬರೆದಿಟ್ಟು ಮುಂದೆ ಕಳೆದುಕೊಳ್ಳುತ್ತೇನೆ ಎಂಬ ಲೆಕ್ಕಾಚಾರವೂ ಕೈಕೊಡುತ್ತದೆ. ಪಟ್ಟಿ ಸ್ವಲ್ಪ ಹಿಂದೆ ಕೂತರೆ, ಬೇರೆ ತೂಕದ ಗುಂಡು ಹಾಕಿದರೆ ಅಂಕಿಯೇ ಬೇರೆ.

ವೇಗದ ಅಂಕಿಯನ್ನೂ ಅತಿಯಾಗಿ ನಂಬಬೇಡಿ. ಉಪಕರಣ ಸುಳ್ಳು ಹೇಳುವುದಿಲ್ಲ, ಗುಂಡುಗಳ ಸಂಖ್ಯೆ ಸಾಲದು. 5 ಗುಂಡಿನಿಂದ ಸ್ಟ್ಯಾಂಡರ್ಡ್ ಡೀವಿಯೇಶನ್ 10 ಬಂದರೆ ಅದರ ನಿಜವಾದ ಬೆಲೆ 6ರಿಂದ 29ರ ನಡುವೆ ಎಲ್ಲಿ ಬೇಕಾದರೂ ಇರಬಹುದು (ಶೇ. 95 ವಿಶ್ವಾಸದಲ್ಲಿ). 10 ಗುಂಡಿಗೆ ಅದು 7ರಿಂದ 18, 20 ಗುಂಡಿಗೆ 7.6ರಿಂದ 14.6. ಐದೈದು ಗುಂಡು ಹೊಡೆದು 8ರ ಲೋಡ್ 12ರ ಲೋಡ್‌ಗಿಂತ ಮೇಲು ಎಂದು ತೀರ್ಪು ಕೊಡುವುದರಲ್ಲಿ ಹುರುಳಿಲ್ಲ.

ಎಡವಟ್ಟುಗಳು

ಬಿಚ್ಚಿದ ಮೇಲೆ 3ರಿಂದ 5 ಗುಂಡು ಹೊಡೆದು ಝೀರೋ ಹಿಂದಿರುಗಿದೆಯೇ ನೋಡಿ. ಬಯೋನೆಟ್ ಬ್ಯಾರೆಲ್‌ಗೆ ಶಾಶ್ವತವಾಗಿ ಏನನ್ನೂ ಮಾಡುವುದಿಲ್ಲ, ಹಿಂದಿರುಗಲೇಬೇಕು. ಬಾರದಿದ್ದರೆ ಮೊದಲು ಬ್ರೇಕ್ ಅಥವಾ ಥ್ರೆಡ್ ಪ್ರೊಟೆಕ್ಟರ್ ಮುಟ್ಟಿ ನೋಡಿ. ಪಟ್ಟಿ ಬಿಗಿಯುವಾಗ ಅದು ತಿರುಚಿಕೊಂಡು ಸಡಿಲವಾಗಿರುತ್ತದೆ. ಆಮೇಲೆ ಆಕ್ಷನ್ ಸ್ಕ್ರೂ, ಸ್ಕೋಪ್ ರಿಂಗ್.

ಓದು ಆಗಾಗ ತಪ್ಪಿದರೆ ಸೆನ್ಸಿಟಿವಿಟಿ ಏರಿಸಿ, ಸಂದು ಕಡಿಮೆ ಮಾಡಿ. ಗುಂಡಿಲ್ಲದೆಯೇ ಅಥವಾ ಒಂದೇ ಗುಂಡಿಗೆ ವಿಚಿತ್ರ ಅಂಕಿ ಬಂದರೆ ಇಳಿಸಿ. ಹೆಚ್ಚಾಗಿ ಬಯೋನೆಟ್ ಅಲುಗುತ್ತಿರುತ್ತದೆ. ಕೇಬಲ್ ಬೆಂಚ್ ಅಂಚಿಗೆ ಸಿಕ್ಕಿ ಎಳೆಯುತ್ತಿದ್ದರೆ ಗ್ರೂಪ್ ಉದ್ದುದ್ದ ಆಗುತ್ತದೆ, ಸ್ವಲ್ಪ ಸಡಿಲ ಬಿಟ್ಟು ಸ್ಟಾಕ್‌ಗೆ ಟೇಪ್ ಹಾಕಿ.

ಸಪ್ರೆಸರ್ ಮೇಲೆ ಕಟ್ಟುವಾಗ ಶಾಖಕ್ಕೆ ತಡೆಯುವ ಪಟ್ಟಿ ಬೇಕು, ಸಾಮಾನ್ಯ ನೈಲಾನ್ ಪಟ್ಟಿ ಕರಗಿ ಅಂಟಿಕೊಳ್ಳುತ್ತದೆ. ಸಪ್ರೆಸರ್ ತಾನೇ ಪೆಟ್ಟಿನ ಜಾಗ ಬದಲಿಸುವುದರಿಂದ ಹೋಲಿಕೆ ಮಾಡುವಾಗ ಎರಡೂ ಸಲ ಅದು ಇರಲಿ. ಸ್ಯಾಬೋ (ಗುಂಡನ್ನು ಸುತ್ತುವ ಪ್ಲಾಸ್ಟಿಕ್ ಕವಚ) ಇರುವ ಗುಂಡು, ವ್ಯಾಡ್ (ಚರೆಗಳನ್ನು ಹಿಡಿದಿಡುವ ಬಟ್ಟಲು) ಇರುವ ಶಾಟ್‌ಗನ್ ತೋಟಾ ಇದರಲ್ಲಿ ಬೇಡ. ಬಾಯಿ ದಾಟಿದೊಡನೆ ಅರಳುವ ಪ್ಲಾಸ್ಟಿಕ್ ನೇರ ಬಯೋನೆಟ್‌ಗೆ ಬಡಿಯುತ್ತದೆ. .22 ರಿಮ್‌ಫೈರ್‌ನಲ್ಲಿ ಗುಂಡು ಬ್ಯಾರೆಲ್ ಒಳಗೆ ಹೆಚ್ಚು ಹೊತ್ತು, 2 ಮಿಲಿಸೆಕೆಂಡ್‌ಗೂ ಮೀರಿ ಇರುವುದರಿಂದ ತುದಿಯ ಭಾರದ ಪ್ರಭಾವವೂ ಹೆಚ್ಚು ಎಂದೇ ಎಣಿಸಿ.

ಬ್ಯಾರೆಲ್ ಮುಟ್ಟದೆ ಅಳೆಯುವವು

ರೇಲ್ ಬ್ರಾಕೆಟ್ ಕೈಯಲ್ಲಿರುವ ಉಪಕರಣವನ್ನೇ ಉಳಿಸಿಕೊಳ್ಳುವ ದಾರಿ. ಬ್ಯಾರೆಲ್ ಫ್ರೀ ಫ್ಲೋಟ್ ಆಗಿರಬೇಕು (ಸ್ಟಾಕ್‌ಗೆ ಎಲ್ಲೂ ತಾಗದಿರಬೇಕು), ಬ್ರಾಕೆಟ್ ಗಟ್ಟಿಯಾಗಿರಬೇಕು, ಕಡ್ಡಿಯಿಂದ ಜೋಡಣೆ ನೋಡುವುದು ಇಲ್ಲೂ ತಪ್ಪದು. ಲ್ಯಾಬ್‌ರೇಡಾರ್, ಗಾರ್ಮಿನ್ ಝೀರೋ ಸಿ1 ಪ್ರೊ ಮುಂತಾದ ಡಾಪ್ಲರ್ ರೇಡಾರ್‌ಗಳನ್ನು ರೈಫಲ್ ಪಕ್ಕದಲ್ಲಿಟ್ಟರೆ ಆಯಿತು, ಗ್ರೂಪೂ ವೇಗವೂ ಒಂದೇ ಗುಂಡಿನಲ್ಲಿ ಸಿಗುತ್ತವೆ. ಲೋಡ್ ಹುಡುಕುವುದೇ ಮುಖ್ಯ ಕೆಲಸವಾದವರು ಹೊಸದಾಗಿ ಕೊಳ್ಳುವುದಿದ್ದರೆ ಈ ಕಡೆಗೇ ನೋಡಬೇಕು. ಬೆಳಕಿನ ಪರದೆಯ ಹಳೆಯ ಕ್ರೋನೋಗ್ರಾಫ್ 3ರಿಂದ 4.5 ಮೀಟರ್ ಮುಂದೆ ನಿಲ್ಲುವುದರಿಂದ ಬಯೋನೆಟ್‌ಗಿಂತ 2-3 ಮೀ/ಸೆ. ಕಡಿಮೆ ತೋರಿಸುತ್ತದೆ. ಎರಡನ್ನೂ ಹೋಲಿಸುವಾಗ ಅಷ್ಟನ್ನು ಸೇರಿಸಿಕೊಂಡು ನೋಡಿ.